ಚತುರ್ದಶಿಯ ಮುತ್ತಜ್ಜ

ನಮ್ಮ ಮನೆಯಲ್ಲಿ ಪಿತೃಪಕ್ಷದ ಶ್ರಾದ್ಧಗಳು ಎರಡು. ಒಂದು, ಎಲ್ಲರ ಮನೆಗಳಲ್ಲಿಯೂ ನಡೆಯುವಂತೆ ಸಮಸ್ತ ಪಿತೃಗಳಿಗೂ ಸಲ್ಲುವ ಮಹಾಲಯ. ಇನ್ನೊಂದು, ಅಮಾವಾಸ್ಯೆಯ ಹಿಂದಿನ ದಿನ, ಭಾದ್ರಪದ ಬಹುಳ ಚತುರ್ದಶಿಯಂದು, ಒಬ್ಬರನ್ನೇ ಉದ್ದೇಶಿಸಿ ಮಾಡುವ ಏಕೋದ್ದಿಷ್ಟ. ಆ ಒಬ್ಬರು ನನ್ನ ಮುತ್ತಜ್ಜ. ಹುಡುಗರಾಗಿದ್ದಾಗ ಇದರ ಕಾರಣವನ್ನು ವಿಚಾರಿಸುವ ಅವಶ್ಯಕತೆ ನಮಗೆ ತೋರಿರಲಿಲ್ಲ. ಎರಡು ದಿನ ವಡೆ ಪಾಯಸ ದೊರೆಯುತ್ತಿದ್ದುದರಿಂದ ಮುತ್ತಜ್ಜನವರ ಮೇಲೆ ನಮಗೆಲ್ಲ ವಿಶೇಷವಾದ ಗೌರವವಿದ್ದಿತು.

ತಂದೆಯವರು ತೀರಿಕೊಂಡು ದರ್ಭೆಯ ಪವಿತ್ರವು ನನ್ನ ಬೆರಳಿಗೆ ಬಂದ ವರ್ಷ ಪುರೋಹಿತರನ್ನು ಕೇಳಿದೆ: ಮುತ್ತಜ್ಜನವರ ತಿಥಿ ಪುಷ್ಯ ಶುದ್ಧ ಹುಣ್ಣಿಮೆ, ಅದಕ್ಕೂ ಈ ಚತುರ್ದಶಿಗೂ ಏನು ಸಂಬಂಧ?

“ಇದು ಘಾತ ಚತುರ್ದಶಿ ಅಲ್ಲೇನ್ರೀ ರಾಯರ? ಶಸ್ತ್ರದಿಂದ, ಅಪಘಾತದಿಂದ ಹೋದವರಿಗೆ ಪಕ್ಷದಾಗ ಇದೇ ದಿವಸ. ನಿಮ್ಮ ತಂದಿಯವರು ಹೇಳಿರಲಿಲ್ಲೇನು?”

ಹೇಳಿರಲಿಲ್ಲ. ಆದರೆ ಇನ್ನು ನಾನು ಸುಮ್ಮನಿರುವಂತೆಯೂ ಇರಲಿಲ್ಲ. ಶ್ರಾದ್ಧದಲ್ಲಿ ಹೆಸರು ಹಿಡಿದು ಕರೆಯುವುದು ಮೂರು ತಲೆಮಾರಿನವರನ್ನು ಮಾತ್ರ: ತಂದೆ ವಸುರೂಪರು, ಅಜ್ಜ ರುದ್ರರೂಪರು, ಮುತ್ತಜ್ಜ ಆದಿತ್ಯರೂಪರು. ನಾಳೆ ನನ್ನ ಮಗ ಮಣೆಯ ಮೇಲೆ ಕುಳಿತಾಗ ಮೊದಲನೆಯ ಸ್ಥಾನಕ್ಕೆ ನಾನು ಬರತಕ್ಕವನು. ಮುತ್ತಜ್ಜನವರು ಸಾಲಿನಿಂದ ಆಚೆಗೆ ಸರಿಯುತ್ತಾರೆ, ಅವರೊಡನೆ ಈ ಚತುರ್ದಶಿಯೂ ಸರಿಯುತ್ತದೆ. ಅವರು ಹೇಗೆ ಸತ್ತರೆಂದು ಕೇಳುವ ಅಧಿಕಾರವುಳ್ಳ ಕೊನೆಯ ಮನುಷ್ಯ ನಾನೇ ಎಂಬ ಅರಿವು ಆ ದಿನ ಉಂಟಾಯಿತು.

ಹಾಗೆಂದು ಏನೂ ತಿಳಿದಿರಲಿಲ್ಲವೆಂದಲ್ಲ. ರೈಲು ಎಂಬುದು ತಿಳಿದಿತ್ತು. ಕನ್ನಡದಲ್ಲಿ ‘ರೈಲಿಗೆ ಸಿಕ್ಕು ಸತ್ತ’ ಎಂದರೆ ಒಂದು ಅರ್ಥ, ‘ರೈಲಿಗೆ ತಲೆ ಕೊಟ್ಟ’ ಎಂದರೆ ಇನ್ನೊಂದು. ನಮ್ಮ ಮನೆಯ ಹಿರಿಯರು ಈ ಎರಡನ್ನೂ ಬಿಟ್ಟು ‘ರೈಲಿನಿಂದ ಹೋದರು’ ಎಂದು, ಕಾಶಿಗೆ ಹೋದವರ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ಈ ಜಾಣತನದ ಕ್ರಿಯಾಪದದ ಹಿಂದೆ ಏನೋ ಅಡಗಿದೆಯೆಂಬ ಶಂಕೆ ನನಗೆ ಮೊದಲಿನಿಂದಲೂ ಇದ್ದಿತು. ಅಡಗಿದ್ದುದನ್ನು ಒಮ್ಮೆ ಬಾಯಿಬಿಟ್ಟು ಹೇಳಿದವರು ತಂದೆಯವರ ಸೋದರತ್ತೆ. ತಂದೆ ಸತ್ತ ನಾಲ್ಕು ತಿಂಗಳಿಗೆ ಹುಟ್ಟಿದ ಆಕೆ ತಂದೆಯ ಮುಖ ಕಂಡವಳಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಒಂದು ಮಧ್ಯಾಹ್ನ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯನ್ನು ಇಳಿಸಿ ಬಿಸಿಲಿಗಿಡುತ್ತ ಹೇಳಿದಳು:

“ಹತ್ತಿ ಸಟ್ಟಾದಾಗ ಮುಳುಗಿದ್ದನಂತ. ಈ ಪುಸ್ತಕದ ತುಂಬ ಬರೇ ಅಂಕಿ ಅವ, ನೋಡು. ಹಾಲು ಚೆಲ್ಲಿದಂಥಾ ಬೆಳದಿಂಗಳದಾಗ ರೈಲು ಕಾಣಲಿಲ್ಲಂದ್ರ ಯಾರು ನಂಬತಾರೋ ತಮ್ಮಾ?”

ಆ ಪೆಟ್ಟಿಗೆಯಲ್ಲಿ ಇದ್ದುದು ಎರಡೇ ಕಾಗದ. ಒಂದು, ಅಂಗೈಯಗಲದ ಒಂದು ಟಿಪ್ಪಣಿ ಪುಸ್ತಕ. ಸೀಸದ ಕಡ್ಡಿಯಿಂದ ಸಾಲು ಸಾಲಾಗಿ ಬರೆದ ನಾಲ್ಕೈದು ಸ್ಥಾನಗಳ ಅಂಕಿಗಳು, ಅವುಗಳ ಎಡಕ್ಕೆ ಇಂಗ್ಲಿಷಿನ ಒಂದೆರಡು ಅಕ್ಷರಗಳು. ಇನ್ನೊಂದು, ರೈಲ್ವೆ ಕಂಪನಿಯು ಮುತ್ತಜ್ಜಿಗೆ ಬರೆದ ಇಂಗ್ಲಿಷ್ ಪತ್ರ: ನಿಮಗೆ ಹಕ್ಕಿನಿಂದ ಏನೂ ಸಲ್ಲುವಂತಿಲ್ಲ, ಆದರೂ ದಯಾರ್ಥವಾಗಿ ಮೂರು ತಿಂಗಳ ಸಂಬಳವನ್ನು ಕೊಡಲಾಗಿದೆ. ಇಂಗ್ಲಿಷ್ ಬಲ್ಲ ನೆಂಟರೊಬ್ಬರು ಅದನ್ನು ಓದಿ, ತಪ್ಪು ಕಂಪನಿಯದಲ್ಲವೆಂದ ಮೇಲೆ ಸತ್ತವನದೇ ಆಗಿರಬೇಕೆಂದು ಅರ್ಥ ಹೇಳಿದ್ದರಂತೆ. ಅಂಕಿಯ ಪುಸ್ತಕ, ಬೆಳದಿಂಗಳು, ಕಂಪನಿಯ ದಯೆ — ಈ ಮೂರು ಸಾಕ್ಷಿಗಳ ಮೇಲೆ ನಮ್ಮ ಮನೆಯು ತನ್ನ ಹಿರಿಯನನ್ನು ಆತ್ಮಹತ್ಯೆಯ ಅಪರಾಧಿಯೆಂದು ತೀರ್ಮಾನಿಸಿ, ತೀರ್ಪನ್ನು ಅಟ್ಟದ ಮೇಲೆ ಇಟ್ಟಿತ್ತು. ಆ ತೀರ್ಪಿನ ದಂಡವನ್ನು ತೆತ್ತವರಲ್ಲಿ ಸೋದರತ್ತೆಯೂ ಒಬ್ಬಳು. ಎರಡು ಕಡೆ ಕೂಡಿ ಬಂದಿದ್ದ ಸಂಬಂಧಗಳು ‘ಹುಡುಗಿಯ ತಂದೆ ಹೇಗೆ ಹೋದರು’ ಎಂಬ ಪ್ರಶ್ನೆಗೆ ತಪ್ಪಿಹೋದುವಂತೆ.

ಹುಡುಕಾಟಕ್ಕೆ ಮೊದಲು ಬೇಕಾದದ್ದು ತಾರೀಖು. ಮನೆಯಲ್ಲಿ ಉಳಿದಿದ್ದುದು ‘ನಳ ಸಂವತ್ಸರ, ಪುಷ್ಯ ಶುದ್ಧ ಹುಣ್ಣಿಮೆ, ರವಿವಾರ ರಾತ್ರಿ’ ಎಂಬ ಮಾತು. ನಮ್ಮ ಹಿರಿಯರಿಗೆ ಇಸವಿಯ ಗೊಡವೆಯಿರಲಿಲ್ಲವೆಂದು ಬೇಸರಪಟ್ಟುಕೊಳ್ಳುವವರು ಈ ಮಾತಿನ ಬೆಲೆಯನ್ನು ತಿಳಿದವರಲ್ಲ. ನಳ ಸಂವತ್ಸರವು ಅರುವತ್ತು ವರ್ಷಗಳಿಗೊಮ್ಮೆ ಬರುತ್ತದೆ: 1856, 1916, 1976. ನಮ್ಮ ಅಜ್ಜ ಆಗ ಎಂಟು ವರ್ಷದ ಬಾಲಕನಾಗಿದ್ದುದರಿಂದ ನಡುವಿನದೇ ಸರಿ. ಆ ಸಂವತ್ಸರದ ಪುಷ್ಯಮಾಸವು 1916ರ ಡಿಸೆಂಬರ್ 25ರಂದು ಪ್ರಾರಂಭವಾಗಿ, ಹುಣ್ಣಿಮೆಯು 1917ರ ಜನವರಿ 8, ಸೋಮವಾರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಪೂರ್ಣವಾಗುತ್ತದೆ. ಅಂದು ಚಂದ್ರಗ್ರಹಣವೂ ಇದ್ದಿತು. ನಮ್ಮ ದೇಶಕ್ಕೆ ಅದು ಹಗಲಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಶಾಸನಗಳ ಕಾಲವನ್ನು ನಿರ್ಣಯಿಸಲು ವಿದ್ವಾಂಸರು ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಬಳಸುತ್ತಾರೆ. ಚಾಲುಕ್ಯರ ದಾನಪತ್ರಕ್ಕೆ ಸಲ್ಲುವ ಗಣಿತವು ಒಬ್ಬ ರೈಲ್ವೆ ನೌಕರನ ಸಾವಿಗೂ ಸಲ್ಲುತ್ತದೆ.

ಆದರೆ ಹುಣ್ಣಿಮೆ ಸೋಮವಾರ, ಮನೆಯ ಮಾತು ರವಿವಾರ. ಇದು ನನ್ನನ್ನು ಕೆಲವು ದಿನ ಕಾಡಿತು. ಉತ್ತರ ಸರಳವಾದದ್ದು. ನಮ್ಮ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಇಂಗ್ಲಿಷರ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಬೆಳಗಿನ ಜಾವದಲ್ಲಿ ಸತ್ತವನು ಮನೆಯವರಿಗೆ ರವಿವಾರ ರಾತ್ರಿ ಸತ್ತವನು, ಕಚೇರಿಗೆ ಸೋಮವಾರ ಸತ್ತವನು. ತಿಥಿ ಮಾತ್ರ ಇಬ್ಬರಿಗೂ ಒಂದೇ. ಹಳೆಯ ದಫ್ತರಗಳಲ್ಲಿ ಪೂರ್ವಜರನ್ನು ಹುಡುಕುವವರು ಒಂದು ದಿನ ಹಿಂದೆಯೂ ಒಂದು ದಿನ ಮುಂದೆಯೂ ನೋಡಬೇಕಾದದ್ದು ಈ ಕಾರಣದಿಂದ.

ತಾರೀಖು ದೊರೆತರೂ ಎರಡು ವರ್ಷ ವ್ಯರ್ಥವಾಗಿ ಕಳೆದುವು. ನಾನು ನಮ್ಮ ಊರಿನ ಮರಣದ ರಿಜಿಸ್ಟರುಗಳನ್ನು ತಿರುವುತ್ತಿದ್ದೆ. ಮರಣವನ್ನು ಬರೆಯುವುದು ಮನುಷ್ಯ ಬಾಳಿದ ಊರಿನಲ್ಲಲ್ಲ, ಸತ್ತ ಊರಿನಲ್ಲಿ ಎಂಬುದು ನನಗೆ ಹೊಳೆದಿರಲಿಲ್ಲ. (1969ರ ಕಾಯಿದೆಯೂ ಹೀಗೆಯೇ ಹೇಳುತ್ತದೆ; ಚಲಿಸುವ ವಾಹನದಲ್ಲಿ ಸತ್ತರೆ, ಅದು ಮೊದಲು ನಿಂತ ಸ್ಥಳದಲ್ಲಿ ನೋಂದಣಿ.) ರೈಲ್ವೆಯ ಒಂದು ಕಚೇರಿಗೂ ಹೋದೆ. ಅಲ್ಲಿನ ಸಜ್ಜನ ಅಧಿಕಾರಿಯೊಬ್ಬರು ಚಹ ತರಿಸಿ ಕೊಟ್ಟು, ಕೆಳದರ್ಜೆಯ ನೌಕರರ ದಾಖಲೆಗಳನ್ನು ಅವಧಿ ಮುಗಿದೊಡನೆ ನಾಶಪಡಿಸುವುದೇ ನಿಯಮವೆಂದು ಸಂತಾಪ ಸೂಚಿಸಿದರು. ದಾಖಲೆಯ ಮರಣಕ್ಕೂ ಒಂದು ರಿಜಿಸ್ಟರು ಇದೆಯಂತೆ! ಅದನ್ನೂ ನಾಶಪಡಿಸಲಾಗಿದೆಯೋ ಏನೋ, ಕೇಳಲು ಧೈರ್ಯವಾಗಲಿಲ್ಲ.

ಅಪಘಾತವೆಂದ ಮೇಲೆ ವಿಚಾರಣೆಯ ವರದಿ ಇರಲೇಬೇಕೆಂದು ಓದುಗರು ಎಣಿಸಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಸರಕಾರದ ಇನ್‌ಸ್ಪೆಕ್ಟರರು ಖುದ್ದು ಬಂದು ವಿಚಾರಿಸಿ ಬರೆದ ಅಚ್ಚುಕಟ್ಟಾದ ವರದಿಗಳು ಉಂಟು. ಆದರೆ ಅವು ಗಾಡಿಗಳು ಡಿಕ್ಕಿ ಹೊಡೆದಾಗ, ಹಳಿ ತಪ್ಪಿದಾಗ, ಪ್ರಯಾಣಿಕರು ಸತ್ತಾಗ. ಯಾರ್ಡಿನಲ್ಲಿ ಒಬ್ಬ ನೌಕರ ಒಂಟಿಯಾಗಿ ಸತ್ತರೆ 1890ರ ರೈಲ್ವೆ ಕಾಯಿದೆಯ 83ನೆಯ ಕಲಮಿನಂತೆ ಸ್ಟೇಷನ್ ಮಾಸ್ತರನು ಮ್ಯಾಜಿಸ್ಟ್ರೇಟರಿಗೂ ಪೊಲೀಸರಿಗೂ ಸುದ್ದಿ ಕೊಡುವನು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 174ನೆಯ ಕಲಮಿನಂತೆ ಪೊಲೀಸರು ಇಬ್ಬರು ಮೂವರು ಮರ್ಯಾದಸ್ಥರ ಎದುರಿಗೆ ಪಂಚನಾಮೆ ಮಾಡುವರು. ಆ ಬಳಿಕ ಅವನು ವರ್ಷದ ವರದಿಯ ಕೋಷ್ಟಕದಲ್ಲಿ ‘ಮೃತರಾದ ನೌಕರರು’ ಎಂಬ ಸಾಲಿನ ಒಂದು ಅಂಕೆಯಲ್ಲಿ ಸೇರಿಹೋಗುವನು. ಆ ಅಂಕೆಯೊಳಗೆ ನಮ್ಮ ಮುತ್ತಜ್ಜನವರಿದ್ದಾರೆ. ಯಾರು ಅವರು ಎಂದರೆ ಕೋಷ್ಟಕಕ್ಕೆ ಗೊತ್ತಿಲ್ಲ. ನಮ್ಮ ಮನೆಗೆ ಹೆಸರು, ಗೋತ್ರ, ತಿಥಿ ಎಲ್ಲವೂ ಗೊತ್ತು. ಹೇಗೆ ಎಂಬುದು ಗೊತ್ತಿಲ್ಲ.

ಇಲ್ಲಿ ಸ್ವಲ್ಪ ಅಸೂಯೆಯನ್ನು ತೋಡಿಕೊಳ್ಳಲು ಓದುಗರು ಅಪ್ಪಣೆ ಕೊಡಬೇಕು. ರೈಲಿನ ತವರಾದ ಬ್ರಿಟನ್ನಿನಲ್ಲಿ 1830ರ ಸೆಪ್ಟೆಂಬರ್ 15ರಂದು, ಲಿವರ್‌ಪೂಲ್–ಮ್ಯಾಂಚೆಸ್ಟರ್ ಹಾದಿಯ ಪ್ರಾರಂಭೋತ್ಸವದ ದಿನವೇ, ಹಸ್ಕಿಸನ್ ಎಂಬ ಪಾರ್ಲಿಮೆಂಟಿನ ಸದಸ್ಯನು ‘ರಾಕೆಟ್’ ಎಂಜಿನ್ನಿಗೆ ಸಿಕ್ಕು ಸತ್ತನು. ಅವನ ಹೆಸರು ರೈಲಿನ ಚರಿತ್ರೆಗಳಲ್ಲೆಲ್ಲ ಇದೆ. ದೊಡ್ಡ ಮನುಷ್ಯನ ಮಾತಾಯಿತು, ಬಿಡಿ. ಆದರೆ ಅಲ್ಲಿನ ಸಣ್ಣ ಮನುಷ್ಯರನ್ನೂ ಈಗ ಹುಡುಕಿ ತೆಗೆಯುತ್ತಿದ್ದಾರೆ. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯ, ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ, ವಾರ್ವಿಕ್ ವಿಶ್ವವಿದ್ಯಾಲಯದ ಪತ್ರಾಗಾರ — ಈ ಮೂರೂ ಕೂಡಿ ನಡೆಸುವ ಒಂದು ಯೋಜನೆಯಲ್ಲಿ ಸ್ವಯಂಸೇವಕರು 1939ಕ್ಕೆ ಹಿಂದಿನ ರೈಲ್ವೆ ನೌಕರರ ಅಪಘಾತಗಳನ್ನು ಒಂದೊಂದಾಗಿ ನಕಲು ಮಾಡಿ ಎಲ್ಲರಿಗೂ ದೊರೆಯುವಂತೆ ಇಟ್ಟಿದ್ದಾರೆ: ಹೆಸರು, ಕೆಲಸ, ಸ್ಥಳ, ನಡೆದ ಸಂಗತಿ. ಅಲ್ಲಿ 1900ರಲ್ಲಿ ನೌಕರರ ಅಪಘಾತಗಳನ್ನು ತಡೆಯಲೆಂದೇ ಒಂದು ಕಾಯಿದೆಯಾಯಿತು. ಅದಕ್ಕೂ ಹಿಂದಿನಿಂದ ಸಂಶಯಾಸ್ಪದವಾದ ಪ್ರತಿಯೊಂದು ಸಾವಿಗೂ ಕಾರೊನರನ ಬಹಿರಂಗ ವಿಚಾರಣೆ, ಅದಕ್ಕೆ ಊರಿನ ಪತ್ರಿಕೆಯ ವರದಿ. ನಮ್ಮಲ್ಲಿ ಕಾರೊನರನು ಮುಂಬಯಿ, ಕಲಕತ್ತೆಗಳಂಥ ಮಹಾನಗರಗಳನ್ನು ಬಿಟ್ಟು ಹೊರಗೆ ಬರಲಿಲ್ಲ. ಹಾಗೆಂದು ಅಲ್ಲಿನ ಲೆಕ್ಕವೂ ನಿಷ್ಕಳಂಕವಾದದ್ದಲ್ಲ. ಬ್ರಿಟಿಷ್ ಸರಕಾರದ ಹಳೆಯ ತಖ್ತೆಗಳಲ್ಲಿ ಸತ್ತವರನ್ನು ಹಂಚಲು ಎರಡು ಮನೆಗಳಿದ್ದುವು: ‘ತಮ್ಮ ಹಿಡಿತಕ್ಕೆ ಮೀರಿದ ಕಾರಣದಿಂದ’ ಮತ್ತು ‘ತಮ್ಮದೇ ದುರ್ವರ್ತನೆ ಅಥವಾ ಎಚ್ಚರಗೇಡಿತನದಿಂದ’. ತಖ್ತೆಯನ್ನು ತುಂಬಲು ವಿವರ ಒದಗಿಸುವವನು ಧಣಿ. ಯಾವ ಮನೆ ಬೇಗ ತುಂಬುತ್ತಿತ್ತೆಂದು ಊಹಿಸಲು ಕಷ್ಟವಿಲ್ಲ.

ಕೊನೆಗೆ ಮುತ್ತಜ್ಜನವರು ನೌಕರಿಯಲ್ಲಿದ್ದ ಜಂಕ್ಷನ್ ಊರಿನ ದಫ್ತರಖಾನೆಗೆ ಹೋದೆ. 1917ರ ರಿಜಿಸ್ಟರು ಅಲ್ಲಿ ಉಳಿದಿತ್ತು. ಅಂಚುಗಳನ್ನು ಗೆದ್ದಲು ತಿಂದಿತ್ತು, ನಡುಭಾಗವನ್ನು ಬಿಟ್ಟಿತ್ತು. ಪುಟದ ತುಂಬ ಪ್ಲೇಗು, ಪ್ಲೇಗು, ಜ್ವರ, ಮತ್ತೆ ಪ್ಲೇಗು. ಏಳನೆಯ ತಾರೀಖಿನಲ್ಲಿ ಅವರಿಲ್ಲ. ಎಂಟರಲ್ಲಿ ಇದ್ದರು. ಹೆಸರಿನ ನಡುವಿನ ಒಂದು ಒತ್ತಕ್ಷರ ತಪ್ಪಿದೆ, ತಂದೆಯ ಹೆಸರು ಸರಿಯಾಗಿದೆ. ವಯಸ್ಸು 31. ಧಂದೆ: ರೇಲ್ವೆ ನೌಕರಿ. ಮರಣದ ಕಾರಣ ಎಂಬಲ್ಲಿ ಒಂದೇ ಶಬ್ದ: ಅಪಘಾತ.

ಅಷ್ಟು ದಿನ ಅವರನ್ನು ಮುತ್ತಜ್ಜ ಮುತ್ತಜ್ಜ ಎನ್ನುತ್ತ ಬಿಳಿಯ ಮೀಸೆಯ ಮುದುಕನೊಬ್ಬನನ್ನು ಕಲ್ಪಿಸಿಕೊಂಡಿದ್ದ ನನಗೆ ಮೊದಲು ನಾಟಿದ್ದು ಆ ಶಬ್ದವಲ್ಲ, ಮೂವತ್ತೊಂದು ಎಂಬ ಅಂಕಿ. ನನ್ನ ಮಗನಿಗೆ ಆಗ ಮೂವತ್ತಮೂರು.

ಆ ಒಂದು ಶಬ್ದದ ತೂಕವನ್ನು ಹೇಳಬೇಕು. ಆ ಕಾಲದ ಆರೋಗ್ಯ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಸಾವಿನ ಕಾರಣಗಳು ಗೊತ್ತಾದವು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಅತಿಸಾರ, ಕಡೆಗೆ ಗಾಯ. ಗಾಯದಲ್ಲಿ ಮತ್ತೆ ಒಳಭೇದ — ಆತ್ಮಹತ್ಯೆ ಒಂದು ಕಡೆ, ಅಪಘಾತ ಇನ್ನೊಂದು ಕಡೆ, ಹಾವು ಮತ್ತು ಕಾಡುಮೃಗ ಮತ್ತೊಂದು ಕಡೆ. ಆದುದರಿಂದ ರಿಜಿಸ್ಟರು ಬರೆದ ಕಾರಕೂನನು ನಮ್ಮ ಹಿರಿಯರಂತೆ ಮಾತನ್ನು ತೇಲಿಸುವಂತಿರಲಿಲ್ಲ, ಒಂದನ್ನು ಆರಿಸಲೇಬೇಕಾಗಿತ್ತು. ಆತ ಅಪಘಾತವನ್ನು ಆರಿಸಿದ. ಇಷ್ಟಕ್ಕೆ ಸಮಾಧಾನಪಟ್ಟುಕೊಂಡು ಮನೆಗೆ ಬರಬಹುದಾಗಿತ್ತು. ಆದರೆ ಬಸ್ಸಿನಲ್ಲಿ ಕುಳಿತಾಗ ಮನಸ್ಸು ಸುಮ್ಮನಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರಸ್ಥ, ಬಸುರಿ ಹೆಂಡತಿ. ಪಂಚರು ಕನಿಕರಪಟ್ಟು ಮೃದುವಾದ ಮಾತನ್ನು ಬರೆಯಿಸಿರಬಾರದೇಕೆ? ಕಾಗದದ ಮೇಲಿನ ಕರುಣೆಗೂ ಸತ್ಯಕ್ಕೂ ಶಾಯಿಯ ಬಣ್ಣ ಒಂದೇ.

ನಿಜವಾದ ಸಾಕ್ಷಿ ಅಟ್ಟದ ಮೇಲೆಯೇ ಇದ್ದಿತು. ನಮ್ಮ ಬಡಾವಣೆಯಲ್ಲಿ ರೈಲ್ವೆಯ ಯಾರ್ಡಿನಲ್ಲಿ ಗು್ಮಾಸ್ತರಾಗಿ ನಿವೃತ್ತರಾದ ವೃದ್ಧರೊಬ್ಬರಿದ್ದಾರೆ. ಅವರಿಗೆ ಆ ಟಿಪ್ಪಣಿ ಪುಸ್ತಕವನ್ನು ತೋರಿಸಿದೆ. ಕನ್ನಡಕವನ್ನು ಏರಿಸಿ ಎರಡು ಪುಟ ನೋಡಿದರೋ ಇಲ್ಲವೋ, ನಕ್ಕುಬಿಟ್ಟರು.

“ಎಲ್ಲಿಯ ಸಟ್ಟಾ ತಂದ್ರೀ ರಾಯರ? ಇವು ವ್ಯಾಗನ್ ನಂಬರು. ನಿಮ್ಮ ಮುತ್ತಜ್ಜ ನಂಬರ್ ಟೇಕರ್ ಇದ್ರು. ನಾನೂ ಮೂವತ್ತು ವರ್ಷ ಇದನ್ನ ಬರದೇನಿ.”

ನಂಬರ್ ಟೇಕರ್ ಎಂಬ ನೌಕರಿಯ ಹೆಸರನ್ನು ನಾನು ಅಂದೇ ಕೇಳಿದ್ದು. ಒಂದು ಕಂಪನಿಯ ವ್ಯಾಗನ್ನು ಇನ್ನೊಂದು ಕಂಪನಿಯ ಹಳಿಯ ಮೇಲೆ ಹೋದರೆ ದಿನಕ್ಕೆ ಇಷ್ಟು ಎಂದು ಬಾಡಿಗೆ ಬೀಳುತ್ತದೆ. ಯಾರ ವ್ಯಾಗನ್ನು ಯಾವಾಗ ಬಂತು, ಯಾವಾಗ ಹೋಯಿತು ಎಂಬ ಲೆಕ್ಕಕ್ಕಾಗಿ ಇಂಗ್ಲೆಂಡಿನಲ್ಲಿ 1842ರಲ್ಲಿಯೇ ಹಲವು ಕಂಪನಿಗಳು ಕೂಡಿ ಒಂದು ‘ಕ್ಲಿಯರಿಂಗ್ ಹೌಸ್’ ಸ್ಥಾಪಿಸಿ, ಜಂಕ್ಷನ್ನುಗಳಲ್ಲಿ ಸಂಖ್ಯೆ ಬರೆದುಕೊಳ್ಳುವವರನ್ನು ನಿಲ್ಲಿಸಿದ್ದುವು. ನಮ್ಮ ದೇಶಕ್ಕೂ ಅದೇ ಉದ್ಯೋಗ ಬಂದಿತು. ಗಾಡಿ ಬಂದು ನಿಂತೊಡನೆ ಕೈಯಲ್ಲಿ ಕಂದೀಲು, ಪುಸ್ತಕ, ಸೀಸದ ಕಡ್ಡಿ ಹಿಡಿದು ಒಂದೊಂದು ವ್ಯಾಗನ್ನಿನ ಎದುರಿಗೂ ನಿಂತು ಬರೆಯುತ್ತ ಕೊನೆಯವರೆಗೆ ನಡೆಯಬೇಕು. ಪುಸ್ತಕದ ಎಡಗಡೆಯ ಅಕ್ಷರಗಳು ವ್ಯಾಗನ್ನಿನ ಧಣಿಯ ಗುರುತು. ಆ ವೃದ್ಧರು ಬೆರಳಿಟ್ಟು ಓದುತ್ತ ಹೋದರು: ಇದು ಮದರಾಸಿನ ಕಡೆಯದು, ಇದು ಮೈಸೂರಿನದು, ಇದು ತಿರುಚಿನಾಪಳ್ಳಿಯ ಕಡೆಯಿಂದ ಬಂದದ್ದು. ನೂರು ವರ್ಷ ನಮ್ಮ ಮನೆಯವರು ಸಾಲದ ಲೆಕ್ಕವೆಂದು ಮುಟ್ಟಲು ಹೆದರಿದ ಪುಟಗಳಲ್ಲಿ ಅವರು ದಕ್ಷಿಣ ದೇಶದ ಊರುಗಳನ್ನೆಲ್ಲ ಕಂಡರು.

ಬೆಳದಿಂಗಳಿನ ಮಾತು ಎತ್ತಿದೆ. ಅವರಿಗೆ ಅದರಲ್ಲಿಯೂ ಆಶ್ಚರ್ಯವಿರಲಿಲ್ಲ. ಎರಡು ಸಾಲು ವ್ಯಾಗನ್ನುಗಳ ನಡುವಿನ ಓಣಿಯಲ್ಲಿ ಬೆಳದಿಂಗಳು ಬೀಳುವುದು ಚಂದ್ರ ನೆತ್ತಿಯ ಮೇಲಿರುವಾಗ ಮಾತ್ರ. ಬೆಳಗಿನ ಜಾವಕ್ಕೆ ಚಂದ್ರ ಪಡುವಣಕ್ಕೆ ಇಳಿದನೆಂದರೆ ಒಂದು ಸಾಲಿನ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಹುಣ್ಣಿಮೆಯಲ್ಲಿ ಕಂದೀಲಿನ ಬತ್ತಿಯನ್ನು ಇಳಿಸುವ ಅಭ್ಯಾಸವೂ ಕೆಲವರಿಗಿರುತ್ತದೆ, ಎಣ್ಣೆಯ ಉಳಿತಾಯಕ್ಕೆ. ಒಂದು ಸಾಲನ್ನು ಮುಗಿಸಿ ಆಚೆಯ ಸಾಲಿಗೆ ಹೋಗಲು ಗಾಡಿಯನ್ನು ಪೂರ್ತಿ ಸುತ್ತಿ ಬರಬೇಕೆಂಬುದು ನಿಯಮ; ಎರಡು ವ್ಯಾಗನ್ನುಗಳ ನಡುವೆ ನುಸುಳುವುದು ರೂಢಿ. ಅದರಲ್ಲಿಯೂ ‘ಲೂಸ್ ಶಂಟಿಂಗ್’ ನಡೆದಿದ್ದರೆ ಎಂಜಿನ್ನು ದೂರದಿಂದಲೇ ವ್ಯಾಗನ್ನುಗಳನ್ನು ತಳ್ಳಿ ಬಿಟ್ಟುಬಿಡುತ್ತದೆ. ಅವು ಹೊಗೆಯಿಲ್ಲದೆ, ಸಿಳ್ಳಿಲ್ಲದೆ, ದೀಪವಿಲ್ಲದೆ ತಾವಾಗಿ ಉರುಳಿ ಬಂದು ನಿಂತ ಸಾಲಿಗೆ ತಾಗುತ್ತವೆ. ಮೀಟರ್‌ಗೇಜಿನ ವ್ಯಾಗನ್ನಿಗೆ ಬಫರು ಇರುವುದು ನಟ್ಟನಡುವೆ. “ಸಪ್ಪಳ ಕೇಳೋದು ತಾಗಿದ ಮ್ಯಾಲೇ,” ಎಂದರು. ತಮ್ಮ ಕಾಲದಲ್ಲಿ ಇಂಥ ಇಬ್ಬರನ್ನು ಕಂಡಿದ್ದರಂತೆ. ಅವರ ಹೆಸರುಗಳನ್ನೂ ಹೇಳಿದರು.

1917 ಮಹಾಯುದ್ಧದ ಮೂರನೆಯ ವರ್ಷ. ನಮ್ಮ ರೈಲುಗಳ ಹಳಿ, ಎಂಜಿನ್ನು, ವ್ಯಾಗನ್ನುಗಳು ಹಡಗನ್ನೇರಿ ಮೆಸೊಪೊಟೇಮಿಯಕ್ಕೆ ಹೋಗುತ್ತಿದ್ದುವು. ಉಳಿದವುಗಳಿಂದಲೇ ಎಲ್ಲ ಕೆಲಸವೂ ಆಗಬೇಕು. ನೌಕರನು ಇಷ್ಟೇ ತಾಸು ದುಡಿಯಬೇಕೆಂಬ ಕಾನೂನು ಭಾರತದ ರೈಲುಗಳಿಗೆ ಬಂದದ್ದು 1930ರಲ್ಲಿ. ಆ ರಾತ್ರಿ ಮುತ್ತಜ್ಜನವರು ಎಷ್ಟು ತಾಸಿನಿಂದ ನಿದ್ರೆಗೆಟ್ಟಿದ್ದರೋ ಪುಸ್ತಕ ಹೇಳುವುದಿಲ್ಲ. ಅದು ಹೇಳುವುದು ಇಷ್ಟು: ಕೊನೆಯ ಪುಟದಲ್ಲಿ ಅಂಚಿಗೆ ಒಂದು, ಎರಡು ಎಂದು ಕ್ರಮಾಂಕ ಹಾಕಿ ಇಪ್ಪತ್ತೆರಡು ವ್ಯಾಗನ್ನುಗಳನ್ನು ಬರೆದಿದೆ. ಇಪ್ಪತ್ತಮೂರನೆಯದರ ಎದುರಿಗೆ ಧಣಿಯ ಅಕ್ಷರಗಳಿವೆ, ಅಂಕಿಯಿಲ್ಲ. ಆ ಪುಟದ ಅಕ್ಷರ ಹಿಂದಿನ ಪುಟಗಳಷ್ಟೇ ದುಂಡಗೆ, ಸ್ಥಿರವಾಗಿದೆ. ಇದು ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷಿಯೋ ಅಲ್ಲವೋ ವಕೀಲರು ಹೇಳಬೇಕು. ಸಾಯಲು ಹೊರಟವನು ಇಪ್ಪತ್ತಮೂರನೆಯ ವ್ಯಾಗನ್ನಿನ ಧಣಿ ಯಾರೆಂದು ಬರೆದುಕೊಳ್ಳುವುದಿಲ್ಲವೆಂಬುದು ನನ್ನ ಮಟ್ಟಿಗೆ ಸಾಕು.

ಇನ್ನು ಉಳಿದದ್ದು ಕಂಪನಿಯ ದಯೆ. ಅದರ ಅರ್ಥವನ್ನು ನೆಂಟರು ತಪ್ಪು ತಿಳಿದಿದ್ದರು. ಕೆಲಸದಲ್ಲಿ ಸತ್ತವನ ಸಂಸಾರಕ್ಕೆ ಧಣಿಯು ಪರಿಹಾರ ಕೊಡಲೇಬೇಕೆಂಬ ಕಾಯಿದೆ ನಮ್ಮ ದೇಶದಲ್ಲಾದದ್ದು 1923ರಲ್ಲಿ. ಜಾರಿಗೆ ಬಂದದ್ದು 1924ರ ಜುಲೈ ಒಂದರಂದು. ಅದಕ್ಕೆ ಹಿಂದೆ ಇದ್ದುದು 1855ರ ಒಂದು ಕಾಯಿದೆ. ಅದರಂತೆ ವಿಧವೆಯು ಕೋರ್ಟಿಗೆ ಹೋಗಿ ಕಂಪನಿಯ ತಪ್ಪನ್ನು ತಾನೇ ಸಾಧಿಸಿ ತೋರಿಸಬೇಕು. ಎಂಟು ವರ್ಷದ ಮಗನನ್ನೂ ಹೊಟ್ಟೆಯಲ್ಲೊಂದು ಕೂಸನ್ನೂ ಇಟ್ಟುಕೊಂಡ ಇಪ್ಪತ್ತಾರು ವರ್ಷದ ಹೆಂಗಸು, ಓದುಬರಹವಿಲ್ಲದವಳು, ಯಾವ ಕೋರ್ಟಿಗೆ ಹೋದಾಳು? ‘ಹಕ್ಕಿನಿಂದ ಏನೂ ಸಲ್ಲುವಂತಿಲ್ಲ’ ಎಂಬ ಮಾತು ಮುತ್ತಜ್ಜನವರ ನಡತೆಗೆ ಸಂಬಂಧಿಸಿದ್ದಲ್ಲ. ಅದು ಆಗಿನ ಕಾಯಿದೆಯ ಸ್ಥಿತಿ. ಏಳೂವರೆ ವರ್ಷ ತಡವಾಗಿ ಸತ್ತಿದ್ದರೆ ಅದೇ ಪತ್ರದಲ್ಲಿ ಬೇರೆ ಮಾತು ಇರುತ್ತಿತ್ತು.

ಇದನ್ನೆಲ್ಲ ಹೇಳಬೇಕಾಗಿದ್ದುದು ಸೋದರತ್ತೆಗೆ. ಆಕೆ 1991ರಲ್ಲಿಯೇ ತೀರಿಕೊಂಡಳು. ಕೊನೆಯವರೆಗೂ ಆಕೆ ಚತುರ್ದಶಿಯ ದಿನ ಅಡುಗೆಮನೆಯಲ್ಲಿ ಎಲ್ಲರಿಗಿಂತ ಮೊದಲೆದ್ದು ಮಡಿಯಲ್ಲಿ ದುಡಿಯುತ್ತಿದ್ದಳು. ಪಿಂಡಪ್ರದಾನದ ಹೊತ್ತಿಗೆ ಮಾತ್ರ ಹಿತ್ತಿಲಿಗೆ ಹೋಗಿ ಕುಳಿತಿರುತ್ತಿದ್ದಳು.

ಕಳೆದ ಪಿತೃಪಕ್ಷಕ್ಕೆ ಮಗ ಬೆಂಗಳೂರಿನಿಂದ ಬಂದಿದ್ದ. ಏಕೋದ್ದಿಷ್ಟ ಮುಗಿದ ಮೇಲೆ ಪೆಟ್ಟಿಗೆಯನ್ನು ಇಳಿಸಿ, ರಿಜಿಸ್ಟರಿನ ನಕಲನ್ನೂ ಅದರೊಳಗಿಟ್ಟು, ಎಲ್ಲವನ್ನೂ ಅವನಿಗೆ ತೋರಿಸಿದೆ. ಅವನು ಪುಸ್ತಕದ ಒಂದೊಂದು ಪುಟವನ್ನೂ ಫೋನಿನಿಂದ ಚಿತ್ರ ತೆಗೆದುಕೊಂಡ. ಬಳಿಕ ಚಿತ್ರಗಳ ಕೆಳಗೆ ಬರೆಯಲು ಮುತ್ತಜ್ಜನ ಹೆಸರನ್ನು ಕೇಳಿದ, ಹೇಳಿದೆ. ರಿಜಿಸ್ಟರಿನ ಕಾರಕೂನ ತಪ್ಪಿದ ಅದೇ ಒತ್ತಕ್ಷರವನ್ನು ಇವನೂ ತಪ್ಪಿದ. ಪಕ್ಕದಲ್ಲಿ ಕುಳಿತು ತಿದ್ದಿಸಿದೆ.